ಎಪ್ಪತ್ತೊಂಬತ್ತಕ್ಕೆ ಕೆಟ್ಟ ನಡತೆ

ನಮ್ಮ ಅತ್ತೆಯ ನಡತೆ ಕೆಟ್ಟಿದೆ ಎಂದು ಸೊಲ್ಲಾಪುರದ ಡಾಕ್ಟರೊಬ್ಬರು ತೀರ್ಪು ಕೊಟ್ಟಾಗ ಅತ್ತೆಗೆ ಎಪ್ಪತ್ತೊಂಬತ್ತು ವರ್ಷ, ಡಾಕ್ಟರಿಗೆ ಹೆಚ್ಚೆಂದರೆ ಮೂವತ್ತು. ನಿಜ ಹೇಳಬೇಕೆಂದರೆ ಡಾಕ್ಟರು ಹಾಗೆ ಹೇಳಲೇ ಇಲ್ಲ. ಅವರು ಹೇಳಿದ್ದು ಒಂದು, ಅತ್ತೆ ಕೇಳಿಸಿಕೊಂಡದ್ದು ಇನ್ನೊಂದು, ಅದನ್ನು ಸರಿಪಡಿಸಲು ಹೋಗಿ ನಾನು ಆಡಿದ ಮಾತು ಮತ್ತೊಂದು. ಇದೆಲ್ಲದರ ನಡುವೆ ನಮ್ಮ ಮನೆಯಲ್ಲಿ ಹದಿನೈದು ದಿನ ಯಾರಿಗೂ ಊಟ ಸರಿಯಾಗಿ ಸೇರಲಿಲ್ಲ.

ನಮ್ಮದು ಟಾವೆಲ್, ಚಾದರಿನ ವ್ಯಾಪಾರದ ಮನೆ. ನಾನು ಸೊಸೆಯಾಗಿ ಬಂದಾಗ ಅತ್ತೆಗೆ ನಲವತ್ತೆರಡು. ಅವರ ಜೊತೆ ಪೇಟೆಗೆ ಹೋಗುವುದೆಂದರೆ ನನಗೆ ಓಡುವ ಕೆಲಸ. ಸೀರೆಯ ನಿರಿಗೆ ಪಟಪಟ ಬಡಿಯುತ್ತ ಅವರು ಮುಂದೆ, ಕೈಚೀಲ ಹಿಡಿದು ಏದುಸಿರು ಬಿಡುತ್ತ ನಾನು ಹಿಂದೆ. ಚೌಕದಲ್ಲಿ ತಿರುಗಿ ನಿಂತು, ನಾಲ್ಕು ಮಂದಿಗೆ ಕೇಳುವ ಹಾಗೆ, "ಏನವಾ, ಹೆಣದ ಹಿಂದ ಹೊಂಟಾಂಗ ಹೊಂಟೀಯಲ್ಲ" ಎನ್ನುತ್ತಿದ್ದರು. ಆಗ ನನಗೆ ಇಪ್ಪತ್ತು ವರ್ಷ. ಆ ಮಾತನ್ನು ನಾನು ಮರೆತಿಲ್ಲ, ಮರೆಯುವ ಸ್ವಭಾವ ನನ್ನದಲ್ಲ.

ಅಂಥವರ ನಡಿಗೆ ಬದಲಾದದ್ದು ನನಗೆ ಮೊದಲು ಗೊತ್ತಾದದ್ದು ಕಿವಿಯಿಂದ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳಿಗೆ ಪಡಸಾಲೆಯಲ್ಲಿ ಯಾರು ಹಾದು ಹೋದರು ಎಂಬುದು ನೋಡದೆಯೇ ತಿಳಿಯುತ್ತದೆ. ಅತ್ತೆಯ ಚಪ್ಪಲಿ ಮೊದಲು ಟಪಟಪ ಎನ್ನುತ್ತಿತ್ತು. ಬರಬರುತ್ತ ಟಪ್ ಎಂದು ಒಂದು ಸದ್ದು, ಆಮೇಲೆ ಸರ್ ಎಂದು ಎಳೆದ ಸದ್ದು. ಬಲಗಾಲು ಮುಂದೆ ಹೋಗಿ ಎಡಗಾಲನ್ನು ಕರೆಯುವುದು, ಅದು ಮುನಿಸಿಕೊಂಡವರ ಹಾಗೆ ತಡಮಾಡಿ ಬರುವುದು. ಹೆಜ್ಜೆ ಗಿಡ್ಡವಾಯಿತು, ಪಾದಗಳ ನಡುವೆ ಅಂತರ ಹೆಚ್ಚಾಯಿತು. ತಿರುಗಬೇಕಾದರೆ ಮೈ ಒಮ್ಮೆಲೆ ತಿರುಗದು. ಗುಡಿಯಲ್ಲಿ ಪ್ರದಕ್ಷಿಣೆ ಹಾಕಿದ ಹಾಗೆ ನಾಲ್ಕೈದು ಸಣ್ಣ ಹೆಜ್ಜೆಯಲ್ಲಿ ಸುತ್ತು ಬರಬೇಕು.

ಇದಕ್ಕಿಂತ ದೊಡ್ಡ ಫಜೀತಿ ಬೇರೆ ಇತ್ತು. ನಡೆಯುವಾಗ ಮಾತಾಡಿಸಿದರೆ ಅತ್ತೆ ನಿಂತುಬಿಡುತ್ತಿದ್ದರು. ಮಾತು ಮುಗಿಯುವ ತನಕ ಕಾಲು ಏಳುತ್ತಿರಲಿಲ್ಲ. ಮಾತು ಬೇಗ ಮುಗಿಸುವ ಹೆಂಗಸಾಗಿದ್ದರೆ ಚಿಂತೆಯಿರಲಿಲ್ಲ. ಕಾಯಿಪಲ್ಲೆ ಪೇಟೆ ನಮ್ಮ ಮನೆಯಿಂದ ಹತ್ತು ಮಿನಿಟಿನ ದಾರಿ, ಅವರಿಗೆ ಒಂದೂವರೆ ತಾಸು ಹಿಡಿಯುತ್ತಿತ್ತು. ಒಂದು ದಿನ ರಸ್ತೆ ದಾಟುತ್ತಿರುವಾಗ ನಟ್ಟನಡುವೆ ಫೋನ್ ಬಂತು. ಅತ್ತೆ ನಿಂತರು. ಎಡಕ್ಕೆ ಆಟೋ, ಬಲಕ್ಕೆ ಆಟೋ, ಹಿಂದೆ ನೂಲಿನ ಗಂಟು ಹೊತ್ತ ಟೆಂಪೋ, ಎಲ್ಲ ಕಡೆಯಿಂದ ಹಾರ್ನ್. ಅತ್ತೆ ಒಂದು ಕಿವಿ ಮುಚ್ಚಿಕೊಂಡು, "ಗದ್ದಲ ಭಾಳ ಐತಿ, ಜೋರ ಮಾತಾಡು" ಎಂದು ಫೋನಿಗೆ ಹೇಳುತ್ತಿದ್ದರು. ಇದನ್ನೆಲ್ಲ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಸಂಜೆ ಮನೆಗೆ ಬಂದವರೇ ಅವ್ವನನ್ನು ಡಾಕ್ಟರಿಗೆ ತೋರಿಸಬೇಕು ಎಂದರು. ತೋರಿಸುವವಳು ನಾನು ಎಂಬುದು ಹೇಳದೆಯೇ ಗೊತ್ತಿತ್ತು.

ದವಾಖಾನೆ ಹೊಸದು. ನೆಲಕ್ಕೆ ಮುಖ ಕಾಣುವಂಥ ಫರಸಿ. ಅತ್ತೆ ಬಾಗಿಲಲ್ಲೇ ಸೀರೆಯನ್ನು ಹಿಮ್ಮಡಿಯ ಮೇಲೆ ಎತ್ತಿ ಹಿಡಿದು, "ಯಾರ್ ನೀರ ಚೆಲ್ಯಾರಿದು?" ಎಂದರು. ನೀರಲ್ಲ, ಕಲ್ಲು ಅಷ್ಟು ಹೊಳೆಯುತ್ತಿದೆ ಎಂದರೆ ನಂಬಲಿಲ್ಲ. ಹೊಳೆ ದಾಟುವವರ ಹಾಗೆ ಒಂದೊಂದೇ ಪಾದ ಊರಿ ನೋಡುತ್ತ, ನನ್ನ ರಟ್ಟೆ ಹಿಚುಕುತ್ತ ಆಚೆ ದಡ ಮುಟ್ಟಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಎಂಬಂತೆ ನಮ್ಮ ಹಿಂದೆ ಬಂದ ಮೂವರು ಮುದುಕಿಯರೂ ಸೀರೆ ಎತ್ತಿಕೊಂಡೇ ದಾಟಿದರು.

ಡಾಕ್ಟರು ಹುಡುಗನಂತಿದ್ದರು, ಮರಾಠಿಯವರು, ಬಹಳ ಗೌರವದಿಂದ ಮಾತಾಡಿದರು. ಪರೀಕ್ಷೆ ಸರಳ. ಖುರ್ಚಿಯಿಂದ ಎದ್ದು, ನೆಲದ ಮೇಲಿನ ಕೆಂಪು ಪಟ್ಟಿಯ ತನಕ ನಡೆದು, ತಿರುಗಿ ಬಂದು ಕೂಡಬೇಕು. ಎಷ್ಟು ಸೆಕೆಂಡು ಎಂದು ಅವರು ಮೊಬೈಲಿನಲ್ಲಿ ನೋಡುತ್ತಾರೆ. ಅತ್ತೆ ಎದ್ದರು, ಪಟ್ಟಿಯ ತನಕ ನಡೆದರು. ಪಟ್ಟಿಯ ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿ ಸರದಿ ಕಾಯುತ್ತ ಕೂತಿದ್ದರು. "ಯಾವ ಊರವಾ?" ಎಂದು ಅತ್ತೆ ಕೇಳಿದರು. ಆಕೆ ಸಲಗರ ಬುದ್ರುಕದವರು. ಅದು ಅತ್ತೆಯ ತವರೂರು. ಅತ್ತೆ ಆಕೆಯ ಪಕ್ಕದಲ್ಲಿ ಕೂತೇಬಿಟ್ಟರು. ಯಾರ ಮನೆ, ಯಾವ ಓಣಿ, ಬಾವಿಯ ಈಚೆಯೋ ಆಚೆಯೋ ಎಲ್ಲ ವಿಚಾರಣೆ ಆಯಿತು. ಡಾಕ್ಟರು ಮೊಬೈಲು ಹಿಡಿದು ನಿಂತೇ ಇದ್ದರು. ಅತ್ತೆ ಖುರ್ಚಿಗೆ ಮರಳಿದಾಗ ಹನ್ನೊಂದು ಮಿನಿಟು ಆಗಿತ್ತು. ಡಾಕ್ಟರು ಅದನ್ನೇ ಬರೆದುಕೊಂಡರು. ಆ ಕಾಗದ ನೋಡಿದವರು ಯಾರೂ ನಮ್ಮತ್ತೆ ಬದುಕಿದ್ದಾರೆಂದು ನಂಬಲಾರರು.

ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು, "ಆಜೀಂಚೀ ಚಾಲ ಬಿಘಡಲೀ ಆಹೇ" ಎಂದರು.

ಅಜ್ಜಿಯ ನಡಿಗೆ ಕೆಟ್ಟಿದೆ ಎಂದು ಅವರ ಅರ್ಥ. ಆದರೆ ಮರಾಠಿಯ ಚಾಲ ಬರೀ ಕಾಲಿಗೆ ಸೇರಿದ್ದಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ಚಾಲಚಲನ, ಅಂದರೆ ನಡತೆ, ಹೇಗೆ ಎಂದು ನೆರೆಮನೆಯಲ್ಲಿ ಪಿಸುಗುಟ್ಟುವುದೂ ಅದೇ ಮಾತಿನಲ್ಲಿ. ಅತ್ತೆಯ ಮುಖ ಬಿಳಚಿಕೊಂಡಿತು. ನಾನು ಗಡಬಡಿಸಿ, "ಅತ್ತಿ, ಅದು ಹಂಗಲ್ಲರಿ, ಡಾಕ್ಟರ್ ಅನ್ನೂದು ಏನಂದ್ರ ನಿಮ್ಮ..." ಎಂದು ಕನ್ನಡದಲ್ಲಿ ಹೇಳಲು ಹೋದೆ. ನಾನು ನಾಲ್ಕನೆಯ ತರಗತಿಯ ತನಕ ಕನ್ನಡ ಸಾಲಿ, ಮುಂದೆಲ್ಲ ಮರಾಠಿ ಕಲಿತವಳು. ಅವಸರದಲ್ಲಿ ಒಂದು ಭಾಷೆಯ ಶಬ್ದ ಹುಡುಕಿದರೆ ಇನ್ನೊಂದು ಭಾಷೆಯದು ಅಡ್ಡ ಬರುತ್ತದೆ. ನಡಿಗಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ನಡತಿ. "ನಿಮ್ಮ ನಡತಿ ಕೆಟ್ಟೈತಿ ಅಂತ ಅಷ್ಟರಿ" ಎಂದುಬಿಟ್ಟೆ.

ಬೆಂಚಿನ ಮೇಲಿದ್ದ ಸಲಗರದ ಮುದುಕಿ ಸೆರಗು ಬಾಯಿಗೆ ಹಿಡಿದುಕೊಂಡರು. ಡಾಕ್ಟರು ನನ್ನ ಮಾತು ತಿಳಿಯದೆ ನಗುತ್ತ ತಲೆಯಾಡಿಸಿದರು. ಕನ್ನಡದ ಮಾತಿಗೆ ಡಾಕ್ಟರರ ಒಪ್ಪಿಗೆಯೂ ಬಿದ್ದಂತಾಯಿತು. ನಡೆಯುವಾಗ ಮಾತಾಡಬಾರದು, ಮುಂದೆ ನೋಡಬೇಕು, ಒಬ್ಬರೇ ಹೋಗಬಾರದು, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಬೇಕು ಎಂದು ಅವರು ಬರೆದುಕೊಟ್ಟದ್ದು ಅತ್ತೆಗೆ ಕೆಟ್ಟ ನಡತೆಗೆ ಹಾಕಿದ ಶಿಕ್ಷೆಯಾಗಿ ಕಂಡಿತು. ಹೊರಡುವಾಗ ಡಾಕ್ಟರು ನನ್ನ ಕಾಲಿನ ಕಡೆಗೂ ಒಮ್ಮೆ ನೋಡಿದರು. ಐವತ್ತೇಳಕ್ಕೆ ನನಗೂ ನೆಲದಿಂದ ಏಳುವಾಗ ಮೊಣಕಾಲ ಮೇಲೆ ಕೈಯೂರಬೇಕಾಗುತ್ತದೆ. ನಾನು ಬೇಗಬೇಗ ಬಾಗಿಲು ದಾಟಿದೆ.

ಮನೆಗೆ ಬಂದಮೇಲೆ ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಒಪ್ಪಲಿಲ್ಲ. "ಕಾಲಿನ ಮಾತಾದ್ರ ಕಾಲು ಅಂತಿದ್ದ. ಅವ ಕಲಿತ ಮನಷ್ಯಾ. ನೀ ಈಗ ಮುಚ್ಚಿ ಹಾಕಬ್ಯಾಡ" ಎಂದರು. ನಮ್ಮ ಮನೆಯವರು ತಂದುಕೊಟ್ಟ ನಾಲ್ಕು ಕಾಲಿನ ವಾಕರನ್ನು ಮುಟ್ಟಿಯೂ ನೋಡಲಿಲ್ಲ. ಎರಡು ದಿನ ಬಿಟ್ಟು ಅದರ ಮೇಲೆ ಹಸಿ ಟಾವೆಲ್ ಹರವಿ ಬಿಸಿಲಿಗೆ ಇಟ್ಟರು. ನಿಜ ಹೇಳುತ್ತೇನೆ, ಬಟ್ಟೆ ಒಣಗಿಸಲು ಅದಕ್ಕಿಂತ ಚಲೋ ಸಾಮಾನು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಆಮೇಲೆ ಅವರು ತಮ್ಮ ಜೀವನವನ್ನು ಹಿಂದಿನಿಂದ ಸೋಸತೊಡಗಿದರು. ನಡತೆ ಎಲ್ಲಿ ಕೆಟ್ಟಿತು ಎಂದು ಹುಡುಕಬೇಕಲ್ಲ. ನಾನು ಕಾಯಿಪಲ್ಲೆ ಹೆಚ್ಚುವಾಗ ಎದುರು ಬಂದು ಕೂತು ಒಂದೊಂದೇ ಅಪರಾಧ ಒಪ್ಪಿಕೊಳ್ಳುವರು. ಯಾರದೋ ಮದುವೆಯಲ್ಲಿ ಐದು ಹೋಳಿಗೆ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ನೆರೆಮನೆಯ ಕರಿಬೇವು ಕೇಳದೆ ಮುರಿದದ್ದು. ಏಕಾದಶಿಯ ದಿನ ಒಳಗೆ ಹೋಗಿ ಚೂಡಾ ತಿಂದದ್ದು. ಮೂರನೆಯ ದಿನ ದನಿ ತಗ್ಗಿಸಿ, "ನಿಮ್ಮಪ್ಪಗ ನಿನ್ನ ಗಂಡನ ವಯಸ್ಸ ಮೂರು ವರ್ಷ ಕಡಿಮಿ ಹೇಳಿದ್ನಿ" ಎಂದರು. ನನ್ನ ಕೈಯ ಚಾಕು ನಿಂತಿತು. ಮೂವತ್ತೇಳು ವರ್ಷ ಸಂಸಾರ ಮಾಡಿದಮೇಲೆ ಗಂಡ ಒಂದು ಮಧ್ಯಾಹ್ನದಲ್ಲಿ ಮೂರು ವರ್ಷ ಮುದುಕನಾದ. ಅವತ್ತು ರಾತ್ರಿ ಅವರಿಗೆ ಬಡಿಸುವಾಗ ನಾನು ಸ್ವಲ್ಪ ಜಾಸ್ತಿಯೇ ಸದ್ದು ಮಾಡಿದೆ.

ಇಷ್ಟೆಲ್ಲ ಕೂಡಿಸಿ ನೋಡಿದರೂ ಡಾಕ್ಟರು ಹೇಳುವಷ್ಟು ದೊಡ್ಡ ತಪ್ಪು ಅತ್ತೆಗೆ ಸಿಗಲಿಲ್ಲ. ಹಾಗಾದರೆ ತನ್ನನ್ನು ಹುಟ್ಟಿದಾಗಿನಿಂದ ಬಲ್ಲವರೇ ಹೇಳಬೇಕು ಎಂದು ನಿರ್ಧರಿಸಿದರು. ಅಂಥವರು ಈ ಭೂಮಿಯ ಮೇಲೆ ಉಳಿದಿದ್ದದ್ದು ಒಬ್ಬರೇ. ಅಕ್ಕಲಕೋಟದಲ್ಲಿರುವ ಅವರ ಅಕ್ಕ, ನಾವು ದೊಡ್ಡತ್ತಿ ಎನ್ನುವವರು, ಎಂಬತ್ತನಾಲ್ಕು ವರ್ಷದವರು. ಪ್ರತಿ ತಿಂಗಳು ಬಸ್ಸು ಹಿಡಿದು ಒಬ್ಬರೇ ಹೋಗಿ ಅಕ್ಕನನ್ನು ನೋಡಿ ಬರುವುದು ಅತ್ತೆಯ ಪದ್ಧತಿ. ಈ ಸಲ ಅವಸರವೂ ಇತ್ತು. "ಆ ಸಲಗರದಾಕಿ ಊರ ತುಂಬ ಹೇಳಿರ್ತಾಳ. ಅಕ್ಕನ ಕಿವಿಗೆ ಬೀಳೂ ಮೊದಲ ನಾ ಹೋಗಬೇಕು. ಆಕಿ ನನ್ನ ನಡತಿ ಚಲೋ ಐತಿ ಅಂದ್ರ ಸಾಕು, ಆಮ್ಯಾಲ ನಾ ಸತ್ತರೂ ಹರಕತ್ತಿಲ್ಲ" ಎಂದರು. ಫೋನು ಮಾಡಿ ಕೊಡಲೇ ಎಂದರೆ, "ಇದು ಫೋನಿನ್ಯಾಗ ಕೇಳೂ ಮಾತೇನ?" ಎಂದು ರೇಗಿದರು.

ಆದರೆ ಬಸ್ಸಿನ ಪ್ರಯಾಣ ಬಂದ್ ಎಂದು ಮಗನ ಹುಕುಂ ಆಗಿತ್ತು. ಬಿದ್ದು ಸೊಂಟ ಮುರಿದುಕೊಂಡರೆ ಗತಿಯೇನು, ಬಿಡುವಾದಾಗ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದರು. ನಮ್ಮ ಮನೆಯವರಿಗೆ ಬಿಡುವಾಗುವುದನ್ನು ನಾನು ಮದುವೆಯಾದಾಗಿನಿಂದ ಕಾಯುತ್ತಿದ್ದೇನೆ. ಅತ್ತೆ ವಾದ ಮಾಡಲಿಲ್ಲ, ಊಟ ಕಡಿಮೆ ಮಾಡಿದರು. ಸಂಜೆ ಅಂಗಳಕ್ಕೂ ಬಾರದೆ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತರು. ಬೈಯುವ ಅತ್ತೆಯನ್ನು ನಾನು ಸಹಿಸಬಲ್ಲೆ. ಸುಮ್ಮನೆ ಕೂತ ಅತ್ತೆಯನ್ನು ನೋಡಿ ನನಗೆ ಹೆದರಿಕೆಯಾಯಿತು. ಹಚ್ಚಿದ ಬೆಂಕಿ ನನ್ನ ನಾಲಿಗೆಯದೇ ಅಲ್ಲವೇ. ಹದಿನೈದನೆಯ ದಿನ ಬೆಳಿಗ್ಗೆ ನಮ್ಮ ಮನೆಯವರು ಅಂಗಡಿಗೆ ಹೋದ ಕೂಡಲೇ, "ಅತ್ತಿ, ಸೀರಿ ಉಟ್ಗೊಳ್ರಿ, ಅಕ್ಕಲಕೋಟಕ್ಕ ಹೋಗೂಣು" ಎಂದೆ. ಅವರು ಆಗಲೇ ಉಟ್ಟಿದ್ದರು.

ಬಸ್ಸು ಹತ್ತುವುದೇ ಒಂದು ಪ್ರಯಾಣ. ಅತ್ತೆ ಅಡ್ಡವಾಗಿ ನಿಂತು, ಒಂದು ಮೆಟ್ಟಿಲಿಗೆ ಎರಡೂ ಕಾಲು ಸೇರಿಸಿ, ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹೋಗುವರು. ಹಿಂದಿನಿಂದ ಯಾರೋ, "ಆಜೀ, ಚಲಾ ಚಲಾ" ಎಂದರು. ಉತ್ತರ ಕೊಡಲು ಅತ್ತೆ ಮೆಟ್ಟಿಲ ಮೇಲೆಯೇ ನಿಂತರು. ಅವಸರ ಮಾಡಬೇಡ ಎಂಬುದನ್ನು ಅಷ್ಟು ನಿಧಾನವಾಗಿ ವಿವರಿಸಿದವರನ್ನು ನಾನು ಕಂಡಿಲ್ಲ. ಒಳಗೆ ಕಂಡಕ್ಟರ್ ಬಾಯಿ ಬಂದು ಆಧಾರ್ ಕಾರ್ಡು ಕೇಳಿದಳು, ಅತ್ತೆಯ ವಯಸ್ಸಿನವರು ಅದನ್ನು ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಇದರಾಗೂ ಬರದಾರೇನ?" ಎಂದರು.

"ಏನರಿ?"

"ನಡತಿ."

"ಇಲ್ಲರಿ ಅತ್ತಿ. ಹುಟ್ಟಿದ ತಾರೀಖ ಅಷ್ಟ ಇರತೈತಿ."

"ಅದೂ ಖರೇ ಅಲ್ಲ" ಎಂದು ಕಿಟಕಿಯ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಯಾರ ವಯಸ್ಸು ನಿಜ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಿಂದ ದೊಡ್ಡತ್ತಿಯ ಮನೆಗೆ ಆಟೋದಲ್ಲಿ ಹೋಗಬಹುದಿತ್ತು. ಅತ್ತೆ ಒಲ್ಲೆ ಎಂದರು. ಅಕ್ಕನ ಮನೆಗೆ ಕಾಲಿನ ಮೇಲೆಯೇ ಹೋಗಬೇಕಂತೆ. ನಾನು ಡಾಕ್ಟರರ ಕಾಗದ ನೆನಪಿಸಿ ಒಂದು ಕರಾರು ಹಾಕಿದೆ. ಮನೆ ಮುಟ್ಟುವ ತನಕ ಮಾತಿಲ್ಲ. ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊರಟರು. ಆಶ್ಚರ್ಯವೆಂದರೆ ಚಲೋ ನಡೆದರು. ಟಪ್, ಸರ್, ಟಪ್, ಸರ್. ಸ್ವಾಮಿಯ ಗುಡಿಗೆ ಹೊರಟ ಜನದ ನಡುವೆ ನಾನು ಅವರ ಮೊಣಕೈ ಹಿಡಿದು ನಡೆದೆ. ಒಂದೆರಡು ಕಡೆ ಕಲ್ಲು ಎಡವಿದಾಗ ಅವರೇ ನನ್ನನ್ನು ಹಿಡಿದದ್ದೂ ಉಂಟು.

ಆದರೆ ಆ ದಾರಿಯಲ್ಲಿ ಅತ್ತೆಯನ್ನು ಬಲ್ಲವರು ಬಹಳ. ಹೂವಿನಾಕೆ, "ಅಕ್ಕಾರ, ಯಾವಾಗ ಬಂದ್ರಿ?" ಎಂದಳು. ಅತ್ತೆ ಮುಂದೆ ನೋಡುತ್ತ ಹೋದರು. ಬಳೆಗಾರ್ತಿ ಮಾತಾಡಿಸಿದಳು. ಅತ್ತೆ ಕಣ್ಣು ಹೊರಳಿಸಲಿಲ್ಲ. ದೊಡ್ಡತ್ತಿಯ ಮೈದುನ, ತೊಂಬತ್ತರ ಹತ್ತಿರದ ಮುದುಕ, ಕಟ್ಟೆಯ ಮೇಲಿಂದ ಕಷ್ಟಪಟ್ಟು ಎದ್ದು ನಿಂತು ಕೈಮುಗಿದರು. ಅತ್ತೆ ಅವರ ಮುಂದಿನಿಂದಲೇ ಟಪ್ ಸರ್ ಎನ್ನುತ್ತ ಹಾದುಹೋದರು. "ಸೊಲ್ಲಾಪುರದ ಮಂದೀಗೆ ಎಷ್ಟ್ ಸೊಕ್ಕ ಬಂದೈತಿ ನೋಡು" ಎಂದು ಮುದುಕ ಹಿಂದಿನಿಂದ ಹೇಳಿದ್ದು ಸ್ಪಷ್ಟವಾಗಿ ಕೇಳಿತು.

ಅತ್ತೆ ಸೆರಗು ಉಗುಳಿ ನಿಂತರು. ಕಣ್ಣಲ್ಲಿ ನೀರು. "ನಡದ್ರ ನಡತಿ ಹೋಗತೈತಿ, ನಡತಿ ನೋಡಿದ್ರ ನಡಿಗಿ ನಿಲ್ಲತೈತಿ. ಎರಡರಾಗ ಯಾವುದ ಬೇಕ ನಿನಗ, ಹೇಳು" ಎಂದರು. ನಾನೇ ಹಿಂದೆ ಹೋಗಿ ಮುದುಕರ ಕಾಲು ಮುಟ್ಟಿ, ಡಾಕ್ಟರ ಅಪ್ಪಣೆ ಎಂದು ಹೇಳಿ ಬಂದೆ. ಯಾವ ಡಾಕ್ಟರು ಹಿರಿಯರಿಗೆ ನಮಸ್ಕಾರ ಮಾಡಬಾರದು ಅಂದದ್ದು ಎಂದು ಅವರು ಕೇಳುತ್ತಲೇ ಇದ್ದರು.

ದೊಡ್ಡತ್ತಿಯ ಮನೆಯ ಬಾಗಿಲು ತೆರೆದಿತ್ತು. ಮಕ್ಕಳೆಲ್ಲ ಹೊಲಕ್ಕೆ ಹೋಗಿದ್ದರು, ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪಡಸಾಲೆಯ ಮಂಚದ ಮೇಲೆ ದೊಡ್ಡತ್ತಿ ಮಲಗಿದ್ದರು, ಬಾಗಿಲಿಗೆ ಬೆನ್ನು, ಗೋಡೆಗೆ ಮುಖ. ಕಳೆದ ವರ್ಷದಿಂದ ಅವರು ಏಳುವುದು ಕಡಿಮೆ. ಎಚ್ಚರವಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದರು. ಕೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತು ಅವರ ತುಟಿಯ ಮೇಲೆ ಆಡುತ್ತಿತ್ತು.

ಟಪ್. ಸರ್. ಟಪ್. ಸರ್.

ದೊಡ್ಡತ್ತಿ ತಿರುಗದೆಯೇ, ಸಣ್ಣ ಹುಡುಗಿಯ ದನಿಯಲ್ಲಿ, "ಯವ್ವಾ, ಹೊಲದಿಂದ ಈಗ ಬಂದ್ಯಾ?" ಎಂದರು.

ಅತ್ತೆ ಅಲ್ಲೇ ನಿಂತರು. ಅವರ ತಾಯಿ ತೀರಿಕೊಂಡು ನಲವತ್ತು ವರ್ಷದ ಮೇಲಾಗಿತ್ತು. ನಾನು ಆಕೆಯನ್ನು ನೋಡಿದವಳಲ್ಲ. ಆಮೇಲೆ ಅತ್ತೆ ಮೆಲ್ಲಗೆ, "ಹೂಂ, ಈಗ ಬಂದೆ" ಎಂದರು. ಆ ದನಿ ನನಗೆ ಹೊಸದು.

ದೊಡ್ಡತ್ತಿ ನಿಧಾನವಾಗಿ ಹೊರಳಿ, ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯ, ನೀನಾ? ನಾ ಅವ್ವ ಅಂದ್ಕೊಂಡೆ. ಯಾವಾಗಿಂದ ಅವ್ವನಾಂಗ ನಡ್ಯಾಕತ್ತೀ? ಹೊಲದಿಂದ ದಣದು ಹಿಂಗ ಬರತಿದ್ಳು, ಒಂದ್ ಕಾಲ್ ಎಳಕೊಂತ. ನಿನಗ ನೆನಪಿಲ್ಲೇನ?"

ಅತ್ತೆಗೆ ನೆನಪಿತ್ತು ಎಂದು ಮುಖವೇ ಹೇಳುತ್ತಿತ್ತು. ಆದರೂ ಬಂದ ಕೆಲಸ ಬಿಡುವವರಲ್ಲ. "ಅಕ್ಕಾ, ಖರೇ ಹೇಳು. ನನ್ನ ನಡತಿ ಹೆಂಗೈತಿ?" ಎಂದು ಕೇಳಿಯೇಬಿಟ್ಟರು.

"ಅವ್ವಂದ ಐತಿ" ಎಂದರು ದೊಡ್ಡತ್ತಿ.

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಸೊಲ್ಲಾಪುರದ ಎಲ್ಲ ಡಾಕ್ಟರರನ್ನೂ ಸೋಲಿಸಿದ ನೋಟ ಅದು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ತಡೆಯಲಿಲ್ಲ.

"ಮತ್ತೊಮ್ಮೆ ಬಾಗಲಿಂದ ಬಾ" ಎಂದರು ದೊಡ್ಡತ್ತಿ. "ಚಪ್ಪಲಿ ಇರಲಿ, ತಗೀಬ್ಯಾಡ." ಮತ್ತೆ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದರು. ಅತ್ತೆ ಬಾಗಿಲಿಗೆ ಹೋಗಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಸುತ್ತು ತಿರುಗಿ, ಮಂಚದ ತನಕ ಬಂದರು. ದೊಡ್ಡತ್ತಿ ಬೆರಳೆತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಅತ್ತೆ ಇನ್ನೊಮ್ಮೆ ಬಂದರು. ನಾಲ್ಕನೆಯ ಸಲವೋ ಐದನೆಯ ಸಲವೋ, ದೊಡ್ಡತ್ತಿ ಗೋಡೆಗೆ ಮುಖ ಮಾಡಿಯೇ, "ಯವ್ವಾ, ಹಸುವಾಗೇತಿ" ಎಂದರು.

ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ನಾನು ಹೊರಗೆ ಕಟ್ಟೆಗೆ ಬಂದೆ. ನಮ್ಮ ಮನೆಯವರು ಕೂಗಾಡಿದರು, ಅವ್ವ ಬಿದ್ದರೆ ಯಾರು ಜವಾಬ್ದಾರಿ ಎಂದರು. "ಬಿದ್ದಿಲ್ಲರಿ. ಇವತ್ತ ಬರೂದಿಲ್ಲ, ನಾಳೆ ಬರತೀವಿ. ಮುಂದಿನ ತಿಂಗಳೂ ಇಲ್ಲಿಗೆ ಬರೂದೈತಿ, ಅದರ ಮುಂದಿನ ತಿಂಗಳೂ" ಎಂದೆ. ಅವರು ಏನೋ ಹೇಳುತ್ತಿರುವಾಗ ನಾನು ಬಾಗಿಲಿನಿಂದ ಒಳಗೆ ನೋಡಿದೆ. ಅತ್ತೆ ಮಂಚದ ಅಂಚಿಗೆ ಕೂತು ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತುತ್ತು ಮಾಡುತ್ತಿದ್ದರು. ಎಂಬತ್ತನಾಲ್ಕು ವರ್ಷದ ಮಗಳು ಕಣ್ಣು ತೆರೆಯದೆ ಉಣ್ಣುತ್ತಿದ್ದಳು.